ಸಾಯಬಹುದಾದವಳು

ಮಾರ್ಚ್ 3, ಮಂಗಳವಾರ

ಸೀರಿಯಲ್ ಕಂಪನಿಗೆ ಬರೆದುಕೊಡುವ ಹನ್ನೊಂದನೇ ಪುಸ್ತಕ. ಟೀವಿ ಸೀರಿಯಲ್ಲಿನ ಅದೇ ಬಾಹ್ಯಾಕಾಶ ನಿಲ್ದಾಣ, ಅದೇ ಕ್ಯಾಪ್ಟನ್, ಅದೇ ಉದ್ದನೆಯ ಕಾರಿಡಾರು. ಕಂಪನಿಯವರ ನಿಯಮಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಸೀರಿಯಲ್ಲಿನ ಪಾತ್ರಗಳು ಸಾಯಕೂಡದು, ಮದುವೆಯಾಗಕೂಡದು, ಕೂದಲು ಕತ್ತರಿಸಿಕೊಳ್ಳಲೂ ಕೂಡದು. ಸಾಯಿಸಲೇಬೇಕಿದ್ದರೆ ನಾನು ಹುಟ್ಟಿಸಿದವರನ್ನೇ ಸಾಯಿಸಬೇಕು. ಈ ಸಲ ಹುಟ್ಟಿಸಿದ್ದು ನಿಲ್ದಾಣದ ಏರ್ ಫಿಲ್ಟರ್ ತೊಳೆಯುವ ಹೆಂಗಸನ್ನು. ಮಾತು ಜೋರು, ಕೈ ಚುರುಕು. ನಲವತ್ತು ಪುಟ ದಾಟಿದೆ.

ಮಾರ್ಚ್ 5, ಗುರುವಾರ

ಸಂಪಾದಕಿಯ ಫೋನು. ನಾನಿಟ್ಟ ಹೆಸರು ಕತ್ತರಿ ಮೇಡಂ.

"ಸರ್, ಫಿಲ್ಟರ್ ಹೆಂಗಸು ಸಪ್ಪೆ. ಸತ್ರೆ ಯಾರ ಕರುಳೂ ಚುರುಕ್ ಅನ್ನಲ್ಲ. ಒಳಗೊಂದು ನೋವು ಕೊಡಿ. ಸೋಮವಾರದೊಳಗೆ."

ನೋವು ಅಂಗಡಿಯಲ್ಲಿ ಸಿಗುತ್ತದೆಯೇ ತಾಯಿ?

ಮಾರ್ಚ್ 8, ಭಾನುವಾರ. ಸಂಜೆ 4

ಮೂರು ದಿನ ತಲೆ ಕೆರೆದುಕೊಂಡೆ. ಇವತ್ತು ಊಟವಾದ ಮೇಲೆ ಕೂತವನು ಒಂದೇ ಉಸಿರಿಗೆ ಆರು ಪುಟ ಬರೆದೆ. ಬರೆದದ್ದು ಅಕ್ಕನ ವಿಷಯ.

ಅಮ್ಮ ಹಾಸಿಗೆ ಹಿಡಿದ ಎರಡನೇ ವರ್ಷ. ಒಂದು ಮಧ್ಯಾಹ್ನ ಅಕ್ಕನನ್ನು ಮೂರು ಸಲ ಕರೆದಳಂತೆ. ಪಕ್ಕದ ಕೋಣೆಯಲ್ಲಿ ಅಕ್ಕ ಕೇಳಿಸಿಕೊಂಡೂ ಕಣ್ಣು ಮುಚ್ಚಿ ಮಲಗಿದ್ದಳು. ಮಾಡಿ ಮಾಡಿ ಸಾಕಾಗಿಹೋಗಿತ್ತು. ಎದ್ದು ಹೋಗುವಷ್ಟರಲ್ಲಿ ಅಮ್ಮನ ಉಸಿರು ನಿಂತಿತ್ತು. ಇದನ್ನು ನನ್ನೊಬ್ಬನಿಗೇ ಹೇಳಿದ್ದಾಳೆ. ಭಾವನಿಗೂ ಹೇಳಿಲ್ಲ.

ಕಥೆಯಲ್ಲಿ ಜೊತೆಗಾರ ಮುದುಕ ಸ್ಪೀಕರಿನಲ್ಲಿ ಮೂರು ಸಲ ಕರೆಯುತ್ತಾನೆ. ಫಿಲ್ಟರ್ ಹೆಂಗಸು ಸದ್ದು ತಗ್ಗಿಸುತ್ತಾಳೆ, ಅವನು ಸಾಯುತ್ತಾನೆ. ಕೊನೆಗೆ ಬೀಗ ಬಿದ್ದ ಬಾಗಿಲಾಚೆ, ಗಾಳಿಯಿಲ್ಲದೆ, ಅವಳೂ ಕರೆಯುತ್ತಾಳೆ. ಯಾರೂ ಬರುವುದಿಲ್ಲ.

ಅಕ್ಕ ಇಂಥ ಪುಸ್ತಕ ಮುಟ್ಟುವವಳಲ್ಲ ಬಿಡು.

ಮಾರ್ಚ್ 10, ಮಂಗಳವಾರ

ಕತ್ತರಿ ಮೇಡಂ ಒಂದು ಸಾಲೂ ಕತ್ತರಿಸಿಲ್ಲ! "ಸರ್, ಅತ್ತುಬಿಟ್ಟೆ" ಅಂದರು. ಹನ್ನೊಂದು ಪುಸ್ತಕಕ್ಕೆ ಮೊದಲ ಹೊಗಳಿಕೆ. ಉಬ್ಬಿಹೋದೆ.

ಮಾರ್ಚ್ 20, ಶುಕ್ರವಾರ

ಪ್ರೂಫ್ ಬಂತು. ತಿದ್ದಲು ಮಧ್ಯಾಹ್ನದವರೆಗೆ ಸಮಯ. ಆ ಆರು ಪುಟ ಮತ್ತೆ ಓದಿದೆ. ಮುದುಕನ ಬಾಯಲ್ಲಿ ಅಮ್ಮನ ಮಾತೇ ಇದೆ — "ಒಂದು ಗಳಿಗೆ ಬಂದು ಹೋಗೇ." ಅಕ್ಕ ಹೇಳಿದ ಹಾಗೇ ಇಳಿಸಿದ್ದೇನೆ. ಅಷ್ಟರಲ್ಲಿ ಅವಳದೇ ಫೋನು.

"ಈ ಸಲ ಯಾರನ್ನ ಸಾಯಿಸ್ದೆಯೋ?"

"ಯಾರೋ ಒಬ್ಳು. ಬಿಡು, ನಿಂಗೆ ಹಿಡಿಸಲ್ಲ."

ಪೆನ್ನು ಕೈಯಲ್ಲೇ ಇತ್ತು. ಗೀಟು ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ. ಆ ಹೊಗಳಿಕೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮನೆಹಾಳು ಬುದ್ಧಿ.

ಜೂನ್ 12, ಶುಕ್ರವಾರ

ಭಾವ ಫೋನು ಮಾಡಿದ್ದರು. ಅಕ್ಕ ನನ್ನ ಹನ್ನೊಂದೂ ಪುಸ್ತಕ ಕೊಂಡು ಓದಿದ್ದಾಳಂತೆ. ಬೀರುವಿನಲ್ಲಿ, ಬಟ್ಟೆಗಳ ಕೆಳಗೆ ಇಟ್ಟಿದ್ದಾಳಂತೆ.

"ಓದ್ತಾಳೆ ಅಂತ ಗೊತ್ತಾದ್ರೆ ನಿಂಗೆ ಬರೆಯೋಕೆ ಸಂಕೋಚ ಆಗುತ್ತೆ ಅಂತ ನನ್ನ ಬಾಯಿಗೆ ಬೀಗ ಹಾಕಿದ್ಲು. ಈ ಪುಸ್ತಕ ಮುಗಿಸಿ ಎರಡು ದಿನ ಆಯ್ತು, ಮಾತೇ ಇಲ್ಲ. ಏನ್ ಬರ್ದಿದ್ದೀಯಪ್ಪಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಜೂನ್ 14, ಭಾನುವಾರ

ಹೋಗಿದ್ದೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಬೈದಿದ್ದರೆ ಬಚಾವಾಗುತ್ತಿದ್ದೆ.

"ತಪ್ಪಾಯ್ತಕ್ಕಾ. ಬೇರೆ ಯಾರಿಗೂ ಗೊತ್ತಾಗಲ್ಲ."

"ಗೊತ್ತಾದ್ರೆ ಆಗ್ಲಿ ಬಿಡೋ. ಅದಲ್ಲ." ಭಾವನ ಅಂಗಿ ಮಡಿಸಿಟ್ಟಳು. "ಅವಳು ಸಾಯ್ಬೇಕು ಅಂದಿದ್ದು ಕಂಪನಿಯವ್ರು ಇರಬಹುದು. ಹಾಗೆ ಕೂಗ್ತಾ ಸಾಯ್ಬೇಕು ಅಂದವನು ನೀನೇ ಅಲ್ವಾ? ನಾನು ಅತ್ಕೊಂಡು ಹೇಳಿದ ದಿನ ಅಷ್ಟು ಸಮಾಧಾನ ಮಾಡಿದ್ಯಲ್ಲ... ಆವತ್ತೂ ನಿನ್ನ ಮನಸ್ಸಲ್ಲಿ ಇದೇ ಇತ್ತೇನೋ?"

ಇಲ್ಲ ಅನ್ನಬೇಕಿತ್ತು. ತಕ್ಷಣ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಸಾವು ಬರೆದಾಗ ಒಳಗೆಲ್ಲೋ ಸೇಡು ತೀರಿದಂತೆ ತಣ್ಣಗಾಗಿದ್ದು ನಿಜ. ಎರಡು ವರ್ಷದಲ್ಲಿ ಅಮ್ಮನನ್ನು ನೋಡಲು ನಾಲ್ಕೇ ಸಲ ಬಂದವನು ನಾನು. ಹಾಗಿದ್ದೂ ತಣ್ಣಗಾಗಿತ್ತು.

ಅಕ್ಕ ಇಸ್ತ್ರಿ ಪೆಟ್ಟಿಗೆ ಆರಿಸಿ ಒಳಗೆ ಹೋದಳು.

ಜೂನ್ 15, ಸೋಮವಾರ. ಬೆಳಿಗ್ಗೆ 11

ಅಕ್ಕನಿಗೆ ಕಾಗದ ಬರೆಯಬೇಕು. ಇಲ್ಲೇ ಮೊದಲು ಬರೆದು ನೋಡುತ್ತೇನೆ.

ಅಕ್ಕಾ, ಹೌದು, ಸಿಟ್ಟಿತ್ತು. ನೀನು ಏಳಲಿಲ್ಲ ಅಂತ ಅಲ್ಲ. ಅಮ್ಮ ಅಷ್ಟೂ ಸಲ ಕರೆದದ್ದು ನಿನ್ನನ್ನೇ. ಒಂದು ಸಲವಾದರೂ ನನ್ನ ಹೆಸರು ಕರೆಯಲಿಲ್ಲ ಅಂತ.