ಒಂದೇ ಚಿತ್ರ, ಎರಡು ಮೊಳೆ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟುಬಿಡುತ್ತೇನೆ.

ಹೋದ ಸಲ ಬಂದಾಗ ನಮ್ಮ ಹಾಲ್‌ನಲ್ಲಿರುವ ಚಿತ್ರ ನೋಡಿ, ಮಗು ಗೋಡೆಗೆ ಗೀಚಿದ ಹಾಗಿದೆ ಎಂದು ನಕ್ಕೆಯಲ್ಲ. ಹಳದಿ ಚೌಕ, ನೀಲಿ ಗೆರೆ, ತಲೆಬುಡ ಇಲ್ಲ. ಕೆಳಮೂಲೆಯ ಕಂದು ಕಲೆಗೆ ಮಾತ್ರ ಜೀವ ಇದೆ ಎಂದೆ ನೀನು. ಮೊನ್ನೆ ಅದೇ ಅಂಗಡಿಗೆ ಹೋಗಿ ಅದೇ ಚಿತ್ರದ ಇನ್ನೊಂದು ಪ್ರಿಂಟು ತಂದು, ಪಕ್ಕದಲ್ಲೇ ತೂಗುಹಾಕಿದೆ. ಒಂದೇ ಮನೆಗೆ ಅವಳಿ-ಜವಳಿ ಯಾಕಮ್ಮ ಎಂದು ಚೌಕಟ್ಟು ಹಾಕುವವನು ತಲೆ ಕೆರೆದುಕೊಂಡ.

ಹೊಸದರಲ್ಲಿ ಆ ಕಂದು ಕಲೆ ಇಲ್ಲ, ಅಮ್ಮಾ. ಅದು ನನ್ನ ರಕ್ತ.

ಬಚ್ಚಲಲ್ಲಿ ಜಾರಿಬಿದ್ದೆ ಎಂದದ್ದು ಸುಳ್ಳು. ನಿನ್ನ ಅಳಿಯ ತಮ್ಮ ಆಫೀಸಿನ ಸಾಹೇಬರ ಮುಂದೆ, ಇದು ಕಲಾವಿದನ ಕೈಯಿಂದಲೇ ಕೊಂಡ ಅಸಲಿ ಚಿತ್ರ ಎಂದು ಬಡಾಯಿ ಕೊಚ್ಚಿದ್ದರಂತೆ. ನನಗೇನು ಗೊತ್ತು? ಅವರಿಬ್ಬರೂ ಊಟಕ್ಕೆ ಬಂದ ದಿನ ಸಾಹೇಬರ ಹೆಂಡತಿ ಚಿತ್ರ ಹೊಗಳಿದಾಗ, ಅಂಗಡಿಯಲ್ಲಿ ಇಂಥವು ರಾಶಿ ಇವೆ, ನಿಮಗೂ ಒಂದು ತರಲೇ ಎಂದುಬಿಟ್ಟೆ. ಅವರು ಮೆಟ್ಟಿಲಿಳಿದ ಕೂಡಲೇ ಇವರು ನನ್ನ ಕೂದಲು ಹಿಡಿದು ಮುಖವನ್ನು ಚಿತ್ರದ ಗಾಜಿಗೆ ಬಡಿದರು. ಗಾಜು ಒಡೆಯುವ ತನಕ ಬಡಿದರು. ಕಲೆ ಒಣಗಿದ ಮೇಲೆ ಹೊಸ ಗಾಜು ಹಾಕಿಸಿ, ದೂರ ನಿಂತು ನೋಡಿ, "ಈಗಾಯ್ತು ನೋಡು ಅಸಲಿ" ಅಂದರು.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೀಯ. ಅಂದು ನಾನು ಉಣ್ಣಲಿಲ್ಲ. ತುಟಿಗೆ ಹೊಲಿಗೆ ಬಿದ್ದಿತ್ತು. ಅದಕ್ಕೂ ಹಿಂದೊಮ್ಮೆ ಅಳುತ್ತ ಫೋನ್ ಮಾಡಿದಾಗ, ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಯಾರೇ ಎಂದು ನೀನು ಕೇಳಿದ್ದೆ. ನಿನ್ನ ಆ ಮಾತಿಗೆ ನನಗೆ ಇಂದಿಗೂ ಸಿಟ್ಟಿದೆ. ಕೊನೆಗೂ ಸಾಕ್ಷಿ ಅಂಗಡಿಯಲ್ಲೇ ಸಿಕ್ಕಿತು.

ನಿನ್ನೆ ಮಧ್ಯಾಹ್ನ ಸಾಹೇಬರು ಮತ್ತೆ ಊಟಕ್ಕೆ ಬಂದರು. ಪ್ರವಾಸದಲ್ಲಿದ್ದ ಇವರೂ ನೇರ ಅವರ ಕಾರಿನಲ್ಲೇ ಬಂದದ್ದರಿಂದ ಗೋಡೆ ನೋಡಿರಲಿಲ್ಲ. ಸಾಹೇಬರು ಪತ್ರಿಕೆಯ 'ವ್ಯತ್ಯಾಸ ಹುಡುಕಿ' ಆಟದ ಹಾಗೆ ಎರಡನ್ನೂ ನೋಡುತ್ತ, ಕಲೆಯ ಮೇಲೆ ಬೆರಳಿಟ್ಟು ಇದೇನು ಎಂದರು. ಹೇಳಿದೆ. ತುಟಿಯ ಗುರುತು ತೋರಿಸಿದೆ. ತಟ್ಟೆ ಮುಟ್ಟದೆ ಎದ್ದುಹೋದರು, ದೊಡ್ಡ ಮನುಷ್ಯರು, ನನ್ನನ್ನು ಇವರ ಕೈಗೆ ಬಿಟ್ಟು.

ಆ ಕೈಗಳು ನನ್ನ ಕುತ್ತಿಗೆಗೆ ಬಂದವು. ಕಣ್ಣು ಕತ್ತಲಿಟ್ಟಿತು. ಮೊಳೆ ಹೊಡೆದ ಸುತ್ತಿಗೆ ಕಪಾಟಿನ ಮೇಲೆಯೇ ಇತ್ತು. ಮೊಣಕೈಗೆ ಹೊಡೆದೆ. ಹಿಡಿತ ಸಡಿಲವಾದ ಮೇಲೆ ಇನ್ನೊಮ್ಮೆ ಹೊಡೆದೆ. ಮೊದಲನೆಯದು ಉಸಿರಿಗೆ, ಎರಡನೆಯದು ಸಿಟ್ಟಿಗೆ. ಮೂಳೆ ಮುರಿದ ಸದ್ದು ಕೇಳಿದರೂ ಅಯ್ಯೋ ಎನಿಸಲಿಲ್ಲ. ಆಂಬುಲೆನ್ಸ್‌ಗೆ ನಾನೇ ಫೋನ್ ಮಾಡಿದೆ, ಪೊಲೀಸರಿಗೂ. ಅವರು ಎರಡೂ ಚಿತ್ರಗಳ ಫೋಟೊ ತೆಗೆದುಕೊಂಡರು.

ಗುರುವಾರ ಚಿತ್ರಗಳನ್ನು ಹೊತ್ತು ಮನೆಗೆ ಬರುತ್ತೇನೆ.

ನಿನ್ನ
ಗುಬ್ಬಿ

ತಾ.ಕ.: ನಡುಮನೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಕಡೆ ಎರಡು ಮೊಳೆ ಹೊಡೆಸಿಡು. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಎಂದು ಒಂದನ್ನೇ ಹೊಡೆಸಿದ್ದರೆ, ಚೀಲ ಕೆಳಗಿಡದೆ ಹಾಗೇ ತಿರುಗಿ ಹೋಗುತ್ತೇನೆ.