ಹೊರಬೀಡಿನ ದಿನದ ಮಹಜರು

ದಾರಿ ತಂಟೆಗಳನ್ನು ವಿಚಾರಿಸಿ ತೀರ್ಮಾನ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನನ್ನು ಒಂದು ಮಾತೂ ಕೇಳದೆ ತಾವು ನನ್ನ ಹೊಲದ ಕಣದ ಮೇಲೆ ಬಂಡಿದಾರಿ ಬಿಡಿಸಿ ಆದೇಶ ಹೊರಡಿಸಿದ್ದೀರಿ. ‘ಗ್ರಾಮಸ್ಥರ ಸಮಕ್ಷಮ ಸ್ಥಳ ಮಹಜರು ನಡೆಸಲಾಗಿ, ಯಾರಿಂದಲೂ ಯಾವುದೇ ತಕರಾರು ಬಂದಿರುವುದಿಲ್ಲ’ ಎಂದು ಅದರಲ್ಲಿ ಬರೆದಿದೆ. ತಕರಾರು ಬರುವುದಾದರೂ ಎಲ್ಲಿಂದ ಸ್ವಾಮೀ? ಆ ದಿನ ನಮ್ಮೂರಿನಲ್ಲಿ ಗ್ರಾಮಸ್ಥರೇ ಇರಲಿಲ್ಲ.

ಅವತ್ತು ಹೊರಬೀಡು. ಚಳ್ಳಕೆರೆ ಸೀಮೆಯಲ್ಲಿ ಕೆಲಸ ಮಾಡುವ ತಮಗೆ ಅದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಗುತ್ತದೆ. ಊರಿಗೆ ರೋಗರುಜಿನ ತಟ್ಟದಿರಲಿ ಎಂದು ಹೊತ್ತು ಮೂಡುವ ಮೊದಲೇ ಒಲೆ ಆರಿಸಿ, ಮನೆ ಗುಡಿಸಿ, ದನ ಕರು ಕೋಳಿ ಕೂಸು ಎಲ್ಲವನ್ನೂ ಕಟ್ಟಿಕೊಂಡು ಊರಿಗೆ ಊರೇ ಆಚೆ ಹೋಗುತ್ತದೆ. ಊರಬಾಗಿಲಿಗೆ ಜಾಲಿಮುಳ್ಳಿನ ಬೇಲಿ ಬೀಳುತ್ತದೆ. ಹೊತ್ತು ಇಳಿದು ಪೂಜೆಯಾಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ನಾವೆಲ್ಲ ಊರ ಪಡುವಲಿನ ಹುಣಸೆ ತೋಪಿನಲ್ಲಿ ಹೋಳಿಗೆ ಬೇಯಿಸುತ್ತಿದ್ದಾಗ ತಮ್ಮ ಜೀಪು ಮೂಡಲ ದಿಕ್ಕಿನಿಂದ ಬಂತು. ನನ್ನ ಹೊಲ ಇರುವುದೂ ಮೂಡಲಿಗೇ.

ಬೇಲಿ ಕಾಯುತ್ತಿದ್ದ ಜುಂಜಣ್ಣ ತಮಗೆ ಕೈ ಮುಗಿದು ಹೇಳಿದನಂತೆ: “ಊರಾಗೆ ಒಂದು ನರಪಿಳ್ಳೆ ಇಲ್ರಿ ಸ್ವಾಮಿ. ಇವತ್ತು ಹೊರಬೀಡು. ನಾಳೆ ಬರ್ರಿ, ಎಲ್ರೂ ಇರ್ತಾರೆ.” ಬೇಲಿ ಬಿಟ್ಟು ಅವನು ಕದಲುವಂತಿಲ್ಲ, ಇಲ್ಲವಾದರೆ ಓಡಿ ಬಂದು ನನ್ನನ್ನು ಕರೆಯುತ್ತಿದ್ದ. ತಮ್ಮ ಸಿಬ್ಬಂದಿ ಖಾಲಿ ಊರಿನ ಮುಂದೆ ನಿಂತು ಟಾಂಟಾಂ ಹೊಡೆಸಿ, ನೋಟೀಸನ್ನು ಜಾಲಿಮುಳ್ಳಿಗೆ ಸಿಕ್ಕಿಸಿ, ನನ್ನ ಹೊಲಕ್ಕೆ ಹೋಗಿ ಮಹಜರು ಬರೆದುಕೊಂಡು ಹೋದರು. ಸಂಜೆ ಬೇಲಿ ಎಳೆದು ಬದಿಗೆ ಹಾಕಿದಾಗ ಅದು ಮೂಡಲಗಿರಿಯಪ್ಪನ ಮೇಕೆಯ ಬಾಯಿಗೆ ಬಿತ್ತು. ಇಡೀ ಊರಿನಲ್ಲಿ ತಮ್ಮ ನೋಟೀಸು ತಲುಪಿದ್ದು ಆ ಮೇಕೆಗೆ ಮಾತ್ರ. ಅದೂ ತಕರಾರು ಮಾಡಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ದಾರಿ ಬೇಕೆಂದು ಅರ್ಜಿ ಹಾಕಿದವರು ನನ್ನ ಪಕ್ಕದ ಹೊಲದ ಸೋಮಶೇಖರಪ್ಪನವರು. ಪೇಟೆಯಲ್ಲಿ ಎಣ್ಣೆ ಮಿಲ್ಲು ಇಟ್ಟವರು, ವಾಸವೂ ಅಲ್ಲೇ. ಅವರ ಬದುವಿನ ಗುಂಟ ಇದ್ದ ಹಳೇ ದಾರಿಯನ್ನು ಹಳ್ಳ ಕೊರೆದು ತಿಂದಿದೆ, ಮಳೆ ಬಂದರೆ ಟ್ರ್ಯಾಕ್ಟರು ವಾಲುತ್ತದೆ ಎಂಬುದು ಅವರ ಮಾತು. ಅದು ಸುಳ್ಳಲ್ಲ. ಅವರು ಲಂಚ ಕೊಟ್ಟರು, ತಾವು ತಗೊಂಡಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಸಂಕಟ ಅದಕ್ಕಿಂತ ಸಣ್ಣದು, ಸಣ್ಣತನದ್ದೇ ಅನ್ನಿ. ತಾವು ಕಚೇರಿಯಲ್ಲಿ ಅವರಿಗೆ ಕುರ್ಚಿ ಕೊಟ್ಟಿರಿ. ಟೀ ತರಿಸಿದಿರಿ. ಅವರು ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದಿರಿ. ಇದನ್ನು ಊರ ತುಂಬ ಹೇಳಿಕೊಂಡು ತಿರುಗಿದವರು ಅವರೇ: “ಎಂಥಾ ಸಾಹೇಬ್ರು ರೀ! ಎಷ್ಟು ತಾಳ್ಮೆಯಿಂದ ಕೇಳಿದ್ರು!” ಆ ಮಾತು ಕಿವಿಗೆ ಬಿದ್ದಾಗ ನನ್ನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದಂತಾಯಿತು. ಹೌದು, ಹೊಟ್ಟೆಕಿಚ್ಚು. ಅವರ ಮಿಲ್ಲಿನ ಮೇಲಲ್ಲ, ಮಾಳಿಗೆ ಮನೆಯ ಮೇಲಲ್ಲ, ಆ ಕುರ್ಚಿಯ ಮೇಲೆ.

ಹೊರಬೀಡಿನ ಮರುದಿನವೇ ಮೊದಲ ಬಸ್ಸಿಗೆ ನಾನೂ ತಮ್ಮ ಕಚೇರಿಗೆ ಬಂದೆ. ಮೇಜಿನ ಹಿಂದಿದ್ದವರು ತಲೆ ಎತ್ತದೆ ಹೇಳಿದರು: “ಮಹಜರು ಆಗೋಗೈತಲ್ಲಮ್ಮ. ಈಗ ಬಂದು ಏನ್ ಹೇಳ್ತೀಯಾ?” ಏನು ಹೇಳುತ್ತೇನೆ ಎಂದು ತಿಳಿಯಬೇಕಾದರೆ ಮೊದಲು ಕೇಳಬೇಕಲ್ಲವೇ? ಆದೇಶ ಬಂದ ಮೇಲೆ ಮೇಲ್ಮನವಿ ಹಾಕಿಕೋ ಎಂಬ ಸಲಹೆಯೂ ದೊರೆಯಿತು. ಕೆಳಗೇ ಕೇಳದವರ ಮೇಲೆ ಕೂತವರು ಕೇಳುತ್ತಾರೆಂಬ ನಂಬಿಕೆ ತಮಗಿರಬಹುದು. ನನಗಿಲ್ಲ.

ಇನ್ನೊಬ್ಬನ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ಅದನ್ನು ಕೇಳಿದರೆ ತಾವು ನಗುತ್ತೀರಿ.

ಹೊರಬೀಡಿನ ದಿನ ನಮ್ಮೂರಲ್ಲಿ ಇನ್ನೊಂದು ರೂಢಿಯಿದೆ. ಊರೊಳಗಿನ ಜಗಳಗಳನ್ನು ಅವತ್ತು ತೋಪಿನಲ್ಲೇ ಬಗೆಹರಿಸಿ, ಮುಗಿಸಿಕೊಂಡೇ ಮನೆಗೆ ಹೋಗಬೇಕು. ಈ ಸಲ ಯರ್ರಮ್ಮನಿಗೂ ಓಬಳೇಶನಿಗೂ ಬಚ್ಚಲ ನೀರಿನ ಜಗಳ. ಇವನ ಮನೆಯ ನೀರು ಅವಳ ಗೋಡೆಯ ಬುಡಕ್ಕೆ ಹರಿಯುತ್ತಿತ್ತು. ತಪ್ಪು ಯಾರದೆಂದು ತೋಪಿನಲ್ಲಿದ್ದ ಕೂಸಿಗೂ ಗೊತ್ತು. ಆದರೂ ತೀರ್ಪು ಹೇಳುವ ಅಜ್ಜಪ್ಪನವರು ಬಾಯಿ ಬಿಡಲಿಲ್ಲ. ಯಾರು ಸೋಲುವ ಹಾಗಿದೆಯೋ ಅವರ ಮಾತು ಪೂರಾ ಮುಗಿಯುವ ತನಕ ತೀರ್ಪು ಆಡಬಾರದೆಂಬುದು ಕಟ್ಟಳೆ. ಓಬಳೇಶ ಬಿಟ್ಟಾನೆಯೇ? ಬಚ್ಚಲಿನಿಂದ ಹಿಡಿದು ಯರ್ರಮ್ಮನ ಮಾವ ಇವನ ತಾತನಿಗೆ ಬೈದದ್ದರವರೆಗೂ ಹೋದ. ಹೋಳಿಗೆ ಆರಿ ತಣ್ಣಗಾಯಿತು. ಅಜ್ಜಪ್ಪನವರು ಮಾತ್ರ ಪ್ರತಿ ಸಲವೂ ಕೇಳುತ್ತಿದ್ದರು:

“ಇನ್ನೇನಾದ್ರೂ ಐತೇನಪ್ಪಾ?”

“ಐತಜ್ಜ, ಇನ್ನೊಂದೈತೆ.”

ಕಡೆಗೆ ಅವನೇ ಸುಸ್ತಾಗಿ, “ಇಲ್ಲಜ್ಜ, ಮುಗೀತು” ಅಂದ. ಆಮೇಲೆ ಸೋತ. ಕಾಲುವೆ ತಿರುಗಿಸಿಕೊಳ್ಳಲು ಒಪ್ಪಿ, ಯರ್ರಮ್ಮನ ಪಕ್ಕದಲ್ಲೇ ಕೂತು ಉಂಡ. “ಇವನೊಬ್ಬ, ಹೊಟ್ಟೆ ಹಸಿದ ಹೊತ್ತಲ್ಲಿ ಪುರಾಣ ಬಿಚ್ಚಿದ” ಎಂದು ನಾನೇ ಅವನನ್ನು ಹಾಸ್ಯ ಮಾಡಿದೆ. ಅದೇ ಹೊತ್ತಿನಲ್ಲಿ ಊರಿನ ಆ ಬದಿಗೆ ತಾವು ನನ್ನ ಕಣದ ತೀರ್ಮಾನ ಮುಗಿಸಿಬಿಟ್ಟಿದ್ದಿರಿ. ಈಗ ಓಬಳೇಶ ಎದುರು ಬಂದರೆ ನನಗೆ ಮೈ ಉರಿಯುತ್ತದೆ. ಸೋತವನನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಹೆಂಗಸನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ನಮ್ಮ ತೋಪಿನ ನ್ಯಾಯ ದೇವಲೋಕದ್ದು ಎಂದು ನಾನೇನೂ ಸಾರುತ್ತಿಲ್ಲ. ಮೊನ್ನೆ ಮೊನ್ನೆಯವರೆಗೂ ಹೆಂಗಸರು ದೂರ ನಿಂತು, ಗಂಡಸರ ಬಾಯಿಂದಲೇ ಹೇಳಿಸಬೇಕಿತ್ತು. ಅದನ್ನು ಬಿಡಿಸಲು ನಮ್ಮ ಅತ್ತೆ ತೋಪಿನಲ್ಲೇ ಊಟ ಬಿಟ್ಟು ಕೂತಿದ್ದರು. ಹಾಗೆ ಜಗಳವಾಡಿ ದಕ್ಕಿಸಿಕೊಂಡ ಮಾತಿನ ಹಕ್ಕು ತಮ್ಮ ಕಚೇರಿಯ ಬಾಗಿಲಲ್ಲಿ ಇಲ್ಲವಾಯಿತಲ್ಲ ಎಂಬುದೇ ನನ್ನ ಸಿಟ್ಟು.

ಆ ಕಣ ಏನೆಂದು ತಮಗೆ ಗೊತ್ತಿಲ್ಲ, ಯಾಕೆಂದರೆ ಹೇಳಲು ನಾನಿರಲಿಲ್ಲ. ಶೇಂಗಾ ಕಿತ್ತ ಮೇಲೆ ನಮ್ಮ ಕೇರಿಯ ಹೆಂಗಸರೆಲ್ಲ ಬಳ್ಳಿ ತಂದು ಕಾಯಿ ಬಿಡಿಸುವುದು ಅಲ್ಲೇ, ಒಣಗಿಸುವುದೂ ಅಲ್ಲೇ. ವರ್ಷವರ್ಷವೂ ನೀರು ಹಾಕಿ, ತುಳಿದು, ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ ಅದು. ಟ್ರ್ಯಾಕ್ಟರು ಒಂದು ಮಳೆಗಾಲ ಓಡಾಡಿದರೆ ಅದು ಕೆಸರುಗುಂಡಿ. ಸೋಮಶೇಖರಪ್ಪನವರಿಗೆ ದಾರಿ ಬೇಕು, ಸರಿ. ಬೇವಿನ ಮರದ ಆಚೆ ಬದುವಿಗೆ ಒತ್ತಿ ಬಿಟ್ಟರೆ ದಾರಿಯೂ ಆಗುತ್ತದೆ, ಕಣವೂ ಉಳಿಯುತ್ತದೆ. ಅಷ್ಟು ಜಾಗ ನಾನೇ ಕೊಡುತ್ತಿದ್ದೆ. ಆದರೆ ಕೇಳಿದವರು ಯಾರು?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಮಹಜರನ್ನು ರದ್ದು ಮಾಡಿ. ಊರಲ್ಲಿ ಜನ ಇರುವ ದಿನ ಬನ್ನಿ. ಸೋಮಶೇಖರಪ್ಪನವರನ್ನೂ ಕರೆತನ್ನಿ. ಕುರ್ಚಿ ನಾನು ಹಾಕುತ್ತೇನೆ, ಟೀ ಕೂಡ ನನ್ನದೇ. ಕಣದಲ್ಲಿ ಕೂತು ನನ್ನ ಮಾತು ಕೇಳಿ. ನಾನು ನಿಲ್ಲಿಸಿದಾಗ ಅಜ್ಜಪ್ಪನವರ ಹಾಗೆ, “ಇನ್ನೇನಾದ್ರೂ ಐತೇನಮ್ಮಾ?” ಎಂದು ಕೇಳಿ. “ಇಲ್ಲ ಸ್ವಾಮಿ, ಮುಗೀತು” ಎಂದು ನನ್ನ ಬಾಯಿಂದ ಬಂದ ಮೇಲೆ, ಬೇಕಾದರೆ ಕಣದ ನಟ್ಟನಡುವೆಯೇ ದಾರಿ ಬಿಡಿ. ಮೊದಲ ಟ್ರ್ಯಾಕ್ಟರಿಗೆ ನಾನೇ ಅಡ್ಡಗಲ್ಲು ತೆಗೆದುಕೊಡುತ್ತೇನೆ. ಓಬಳೇಶನ ಹಾಗೆ ಸೋಲುವ ಭಾಗ್ಯ ನನಗೂ ಇರಲಿ.

ಇಂತಿ,
ತಮ್ಮ ಮಹಜರಿನ ಪ್ರಕಾರ ಹಾಜರಿದ್ದು, ಯಾವ ತಕರಾರನ್ನೂ ಮಾಡದ,
ತಿಪ್ಪೇರುದ್ರಮ್ಮ