ಸೂಜಿ ಮುಟ್ಟದ ಏಳು ತಿಂಗಳು

ಏಮ್ಸ್, ಅಯೋವಾ
ಜೂನ್ ೯

ನೆಜ್ದೆತ್ ಅಣ್ಣ,

ಮೊದಲು ನಿನ್ನ ಕೈಗೊಂದು ಮುತ್ತು. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಕೆಟ್ಟ ಸುದ್ದಿಯೇನಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಂದ ಸುಳ್ಳು ಹೊರಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ನಾವು ಇಲ್ಲಿಗೆ ಬಂದು ಎರಡನೇ ವಾರ ನೀನು ಫೋನು ಮಾಡಿದ್ದೆ. "ಏನೋ ರಸೀಮ್, ಹೆಂಡ್ತಿ ಸಂಬಳದಲ್ಲಿ ಕೂತು ತಿಂತಿದೀಯೇನೋ?" ಎಂದು ನಕ್ಕಿದ್ದೆ. ನಿನ್ನ ಹಿಂದೆ ನಮ್ಮ ಹೊಲಿಗೆ ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದೂ ಕೇಳಿಸಿತು. "ಇಲ್ಲಣ್ಣ, ಒಂದು ಟೈಲರ್ ಅಂಗಡಿ ಸೇರ್ಕೊಂಡೆ" ಅಂದುಬಿಟ್ಟೆ. ನೀನು ಸುಮ್ಮನಿರಲಿಲ್ಲ. ಯಜಮಾನ ಹೇಗೆ, ಮಷಿನ್ ಯಾವುದು ಎಂದು ಕೇಳಿದೆ. ಬಿಳಿ ಗಡ್ಡದ ಯಜಮಾನನೊಬ್ಬನನ್ನು ಅಲ್ಲೇ ಹುಟ್ಟಿಸಿದೆ. ಆ ಗಡ್ಡದವನು ಇಲ್ಲವೇ ಇಲ್ಲ, ಅಣ್ಣ. ಚಳಿಗಾಲದಲ್ಲಿ ಅವನಿಗೆ ಮಂಡಿನೋವು ಅಂದಿದ್ದೆನಲ್ಲ, ಅತ್ತಿಗೆ ಪಾಪ ಎಣ್ಣೆಯ ಹೆಸರು ಬರೆದು ಕಳಿಸಿದ್ದರು. ಅವರ ಹತ್ತಿರವೂ ಕ್ಷಮೆ ಕೇಳುತ್ತೇನೆ.

ನಿಜ ಇಷ್ಟು. ಗುಲ್ಸೆರೆನ್ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಜೇನುಹುಳುಗಳ ರೋಗ ಅಧ್ಯಯನ ಮಾಡಲು ಬಂದವಳು. ವೀಸಾ ಅವಳದ್ದು. ನಾನೂ ಇಪೆಕ್ಕೂ ಅವಳ ಬೆನ್ನಿಗೆ ಬಂದವರು, ಕಾಗದದಲ್ಲಿ ಅವಲಂಬಿತರು. ಏಳು ವರ್ಷದ ಮಗಳ ಹೆಸರಿನ ಮುಂದೆ ಯಾವ ಪದವೋ, ನಲವತ್ತೊಂದರ ಅಪ್ಪನ ಹೆಸರಿನ ಮುಂದೆಯೂ ಅದೇ ಪದ. ನನ್ನಂಥವನು ಕೆಲಸ ಮಾಡಬಾರದೆಂದಿಲ್ಲ, ಆದರೆ ಸರ್ಕಾರಕ್ಕೆ ಅರ್ಜಿ ಹಾಕಿ, ಕೆಲಸದ ಅನುಮತಿಯ ಕಾರ್ಡು ಕೈಗೆ ಬಂದ ಮೇಲಷ್ಟೇ. ಅಲ್ಲಿಯವರೆಗೆ ಒಂದು ಗುಂಡಿ ಹೊಲಿದು ಕೂಲಿ ತೆಗೆದುಕೊಂಡರೂ ತಪ್ಪು.

ಅರ್ಜಿಯ ಜೊತೆ, ಯಾಕೆ ಕೆಲಸ ಬೇಕೆಂದು ಒಂದು ಪತ್ರ ಕೊಡಬೇಕು. ಹೆಂಡತಿಯನ್ನು ಸಾಕಲಿಕ್ಕೆ ಎಂದು ಮಾತ್ರ ಬರೆಯುವಂತಿಲ್ಲ! ಅವಳ ಖರ್ಚಿಗೆ ಅವಳ ಸಂಬಳವೇ ಸಾಕು ಎಂದು ನಾನೇ ಸಹಿ ಹಾಕಿ ಒಪ್ಪಿಕೊಳ್ಳಬೇಕು. ಅಪ್ಪ ಹೋದಮೇಲೆ ನನ್ನನ್ನು ನಿನ್ನ ಕತ್ತರಿ ಮೇಜಿನ ಪಕ್ಕ ನಿಲ್ಲಿಸಿಕೊಂಡು, ಕಾಜಾ ಹೊಲಿಯಲು ಕಲಿಸುತ್ತ, ಮನೆಯವರ ಹೊಟ್ಟೆ ತುಂಬಿಸುವುದೇ ಗಂಡಸಿನ ಮರ್ಯಾದೆ ಎಂದು ಹೇಳಿಕೊಟ್ಟವನು ನೀನು. ಆ ಪತ್ರದ ಮೊದಲ ಸಾಲನ್ನೇ ಮೂರು ಸಲ ಬರೆದು ಹೊಡೆದುಹಾಕಿದೆ. "ದುಡ್ಡಿಗಲ್ಲ ಅಂದ್ರೆ ಇನ್ಯಾತಕ್ಕೆ? ನಿಜ ಹೇಳು" ಅಂದಳು ಗುಲ್ಸೆರೆನ್. "ಕೈ ಸುಮ್ನಿರಲ್ಲ ಕಣೇ" ಅಂದೆ. ಅದನ್ನು ಬರೆಯಲಾಗುವುದಿಲ್ಲವೆಂದು ಅವಳೇ ಪ್ರವಾಸ, ಮಗಳ ಈಜಿನ ಪಾಠ ಎಂದೇನೇನೋ ಬರೆದಳು.

ಆಮೇಲೆ ಕಾಯುವುದು. ಬೆಳಿಗ್ಗೆ ಇಪೆಕ್‌ಳ ಜಡೆ ಹೆಣೆದು ಶಾಲೆಗೆ ಬಿಡುತ್ತಿದ್ದೆ, ಬೇಳೆ ಸೂಪು ಮಾಡುತ್ತಿದ್ದೆ, ಹಿಟ್ಟಿನೊಳಗೆ ಖೀಮಾ ಇಟ್ಟು, ಅಮ್ಮ ಮಾಡುತ್ತಿದ್ದಷ್ಟು ಸಣ್ಣಗೆ ಮಂತಿ ಮಡಿಸಲೂ ಕಲಿತೆ. ಮಧ್ಯಾಹ್ನ ಮನೆಯಲ್ಲಿ ಗಡಿಯಾರದ ಸದ್ದೊಂದೇ. ಒಂದು ದಿನ ಪೇಟೆಯಲ್ಲಿ ನಡೆಯುವಾಗ ಡಾರ್ಲೀನ್ ಎಂಬಾಕೆಯ ಅಂಗಡಿ ಕಂಡಿತು. ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಆಕೆಯ ಕೆಲಸ, ಎಪ್ಪತ್ತು ದಾಟಿದವಳು. ಒಳಗೆ ಹೋಗಿ, ಇಪ್ಪತ್ತೆರಡು ವರ್ಷ ಹೊಲಿದವನು ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ, ಮೇಜಿನ ಮೇಲಿದ್ದ ಕೋಟಿಗೆ ಕೈ ಹಾಕಿದೆ.

"ಕಾರ್ಡ್ ಇದೆಯಾ?" ಅಂದಳು.

"ಇಲ್ಲ. ದುಡ್ಡು ಬೇಡ, ಸುಮ್ನೆ ಮಾಡಿಕೊಡ್ತೀನಿ."

"ಸುಮ್ನೇನೂ ಬೇಡ. ನಿನಗೂ ತೊಂದರೆ, ನನಗೂ ತೊಂದರೆ. ಕಾರ್ಡ್ ಬಂದ ದಿನ ಬಾ, ಮಷಿನ್ ಕೊಡ್ತೀನಿ. ಈಗ ಟೀ ಕುಡೀತೀಯಾ?"

ನೀರಿನಂಥ ಟೀ, ಅಣ್ಣ, ಆದರೂ ಕುಡಿದೆ.

ಫೆಬ್ರುವರಿಯಲ್ಲಿ ಇನ್ನೇನು ಎಡವಿಬಿಡುತ್ತಿದ್ದೆ. ಬಟ್ಟೆ ಒಗೆಯುವ ಅಂಗಡಿಯವನೊಬ್ಬ, "ಹಿಂದಿನ ಕೋಣೇಲಿ ಕೂತು ಹೊಲಿ, ಕೈಗೆ ನಗದು ಕೊಡ್ತೀನಿ, ಯಾವ ನರಪಿಳ್ಳೆಗೂ ಗೊತ್ತಾಗಲ್ಲ" ಅಂದ. ಹೂಂ ಅಂದು ಬಂದೆ. ಮರುದಿನ ಬೆಳಿಗ್ಗೆ ಕತ್ತರಿಯನ್ನು ಟವೆಲಿನಲ್ಲಿ ಸುತ್ತುತ್ತಿದ್ದಾಗ ಗುಲ್ಸೆರೆನ್ ನೋಡಿದಳು. ಕೂಗಾಡಲಿಲ್ಲ. ಕೋಟು ಬಿಚ್ಚಿಟ್ಟು ಎದುರು ಕೂತಳು.

"ಹೋಗ್ತೀನಂದ್ರೆ ಹೋಗು. ಆದ್ರೆ ಯಾಕೆ ಅಂತ ಹೇಳು. ನಮ್ಮನೇಲಿ ಏನು ಕಮ್ಮಿಯಾಗಿದೆ?"

ಏನೂ ಕಮ್ಮಿಯಾಗಿರಲಿಲ್ಲ. ನಾಚಿಕೆ ಬಿಟ್ಟು ಹೇಳಿದೆ: "ಅಣ್ಣನಿಗೆ ಸುಳ್ಳು ಹೇಳಿದ್ದೆ. ಅದನ್ನ ನಿಜ ಮಾಡೋಣ ಅಂತ."

ಗಡ್ಡದವನ ಕಥೆ ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಪುಣ್ಯಾತ್ಮ, ಅಣ್ಣನ ಬಾಯಿಗೆ ಹೆದರಿ ಮೂರು ಜನಾನೂ ಊರಿಗೆ ವಾಪಸ್ ವಿಮಾನ ಹತ್ತಿಸ್ತಿದ್ಯಲ್ಲೋ!" ಅಂದಳು. ಆಮೇಲೆ ನಗು ನಿಲ್ಲಿಸಿ ನಿಧಾನವಾಗಿ ಹೇಳಿದಳು: "ನಾನು ಪಿಎಚ್‌ಡಿ ಮಾಡೋವಾಗ ಆರು ವರ್ಷ ನಿನ್ನ ದುಡಿಮೆ ಮೇಲೇ ಊಟ ಮಾಡಿದೆ. ಒಂದಿನಾನೂ ನಾಚಿಕೆ ಆಗ್ಲಿಲ್ಲ. ನಿಂಗ್ಯಾಕೋ ಇಷ್ಟು?" ಕತ್ತರಿಯನ್ನು ಪೆಟ್ಟಿಗೆಗೆ ಹಾಕಿದೆ. ಅವಳಿಗೆ ಅಂದು ಪ್ರಯೋಗಾಲಯಕ್ಕೆ ತಡವಾಯಿತು.

ಕಾರ್ಡು ಮಾರ್ಚ್ ಕೊನೆಗೆ ಬಂತು. ಡಾರ್ಲೀನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾಗದಕ್ಕೆಲ್ಲ ಸಹಿ ಹಾಕಿಸಿ, ಒಬ್ಬ ಮದುಮಗಳ ಉಡುಪನ್ನು ನನ್ನ ಮಡಿಲಿಗೆ ಹಾಕಿದಳು. ಸೊಂಟ ಎರಡಿಂಚು ಹಿಡಿಯಬೇಕಿತ್ತು, ಮುತ್ತಿನ ಕಸೂತಿ ಕೆಡದಂತೆ. ಏಳು ತಿಂಗಳ ಮೇಲೆ ಮೊದಲ ಹೊಲಿಗೆಯನ್ನು ಒಂದೊಂದೇ ಎಳೆ ಎಣಿಸಿ ಬಿಚ್ಚಿದೆ. ಹತ್ತು ನಿಮಿಷ, ಅಷ್ಟೇ, ಆಮೇಲೆ ಹಳೆಯ ವೇಗ ಬಂತು. ಸಂಜೆ ಡಾರ್ಲೀನ್ ಕನ್ನಡಕ ಏರಿಸಿ ಒಳಮಗ್ಗುಲು ನೋಡಿ, "ಯಾರು ಕಲಿಸಿದ್ದು ನಿನಗೆ?" ಅಂದಳು. ನಿನ್ನ ಹೆಸರು ಹೇಳಿದೆ. ಎರಡು ಸಲ ಹೇಳಿಸಿಕೊಂಡರೂ ಅವಳ ಬಾಯಿಗೆ ಅದು ಸರಿಯಾಗಿ ಬರಲಿಲ್ಲ.

ಮೊದಲ ಸಂಬಳದಲ್ಲಿ ಮಿಸಿಸಿಪಿ ನದಿ ನೋಡಲು ಹೋಗಿದ್ದೆವು. "ಪ್ರವಾಸ ಅಂತ ಬರೆದುಕೊಟ್ಟಿದೀವಿ, ಮಾಡ್ಲೇಬೇಕು" ಅಂದಳು ಗುಲ್ಸೆರೆನ್. ಇಪೆಕ್ ಈಜು ಕಲಿಯುತ್ತಿದ್ದಾಳೆ, ಕಪ್ಪೆಯ ಹಾಗೆ ಕಾಲು ಬಡಿಯುತ್ತಾಳೆ.

ಈಗ ಬರೆಯಲೇಬೇಕಾದದ್ದು. ಗುಲ್ಸೆರೆನ್‌ಗೆ ಇನ್ನೊಂದು ವರ್ಷ ಸಿಕ್ಕಿದೆ. ಅವಳು ನನ್ನನ್ನು ಕೇಳಿಯೇ ಒಪ್ಪಿದಳು, ನಾನು ಸಂತೋಷದಿಂದಲೇ ಹೂಂ ಅಂದೆ. ಆಗಸ್ಟಿಗೆ ಬಂದು ಅಂಗಡಿಯಲ್ಲಿ ನಿನ್ನ ಪಕ್ಕ ಕೂರುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ವರ್ಷ ತಡವಾಗುತ್ತದೆ, ಬಯ್ದಾದರೂ ಅಪ್ಪಣೆ ಕೊಡು. ಅಲ್ಲಿಯವರೆಗೆ ಒಬ್ಬನೇ ಒದ್ದಾಡಬೇಡ, ನನ್ನ ಜಾಗಕ್ಕೆ ಯಾರನ್ನಾದರೂ ಕೂರಿಸು.

ನನ್ನ ಕಾರ್ಡಿನ ಅವಧಿಯೂ ಆಗಸ್ಟಿಗೆ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಕೆಲವು ತಿಂಗಳು ಮನೆ. ಈ ಸಲ ನಾನು ಯಾವ ಗಡ್ಡದವನನ್ನೂ ಹುಟ್ಟಿಸುವುದಿಲ್ಲ. ಆಗ ಅಂಗಡಿಯಲ್ಲಿ ಯಾರಾದರೂ ನಿನ್ನ ತಮ್ಮ ಏನು ಮಾಡುತ್ತಿದ್ದಾನೆಂದು ಕೇಳಿದರೆ, ಮನೆಯಲ್ಲಿದ್ದಾನೆ, ಮಂತಿ ಮಡಿಸುತ್ತಿದ್ದಾನೆ, ಚೆನ್ನಾಗಿದ್ದಾನೆ ಎಂದು ಗಟ್ಟಿಯಾಗಿಯೇ ಹೇಳು. ನಗುವವರು ನಗಲಿ, ನೀನೂ ನಗು.

ದೇವರು ನಿನ್ನ ಕಣ್ಣನ್ನು ಚುರುಕಾಗಿಡಲಿ, ಕೈಗೆ ಕೆಲಸ ಹಗುರಾಗಿಸಲಿ.

ನೀನು ಬೆಳೆಸಿದ ತಮ್ಮ,
ರಸೀಮ್